ಗೋವಾದ ಹಳೆಯ ಮನೆ, ಇಗರ್ಜಿ ಮತ್ತು ಕಡಲು: ನಾಲ್ಕು ದಿನಗಳಲ್ಲಿ ಏನನ್ನು ನೋಡಬೇಕು, ಏನನ್ನು ಬಿಡಬೇಕು?

ಬಯಲುಸೀಮೆಯ ಓದುಗಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನವೆಂಬರ್ ಎರಡನೆಯ ವಾರದಲ್ಲಿ ನಾಲ್ಕು ದಿನ ರಜೆ ಹಾಕಿ, ಅರವತ್ತೆಂಟು ವರ್ಷದ ತಾಯಿ ಮತ್ತು ಹನ್ನೆರಡು ವರ್ಷದ ಮಗನನ್ನು ಕರೆದುಕೊಂಡು ಗೋವಾಕ್ಕೆ ಹೋಗಬೇಕೆಂದಿದ್ದೇನೆ. ಮೂವರಿಗೂ ಬೇಕಾಗಿರುವುದು ಬೇರೆ ಬೇರೆ. ಪೋರ್ಚುಗೀಸರ ಕಾಲದ ಕಟ್ಟಡಗಳನ್ನು ಪಠ್ಯಪುಸ್ತಕದ ಮಸುಕಾದ ಚಿತ್ರಗಳಲ್ಲಷ್ಟೇ ಮಕ್ಕಳಿಗೆ ತೋರಿಸುತ್ತ ಬಂದ ನನಗೆ ಅವುಗಳ ಮುಂದೆ ಒಮ್ಮೆ ನಿಲ್ಲಬೇಕೆಂಬ ಆಸೆ ಬಹಳ ವರ್ಷಗಳದು. ಮಗ ಈವರೆಗೆ ಸಮುದ್ರವನ್ನೇ ನೋಡಿಲ್ಲ. ತಾಯಿಗೆ ಮಂಗೇಶಿ ಮತ್ತು ಶಾಂತಾದುರ್ಗಾ ದೇವಸ್ಥಾನಗಳ ದರ್ಶನವಾದರೆ ಸಾಕು; ಅವರಿಗೆ ಮೊಣಕಾಲು ನೋವಿರುವುದರಿಂದ ಹೆಚ್ಚು ಮೆಟ್ಟಿಲು ಹತ್ತಲಾಗದು.

ಪರಿಚಯದವರು ಕೊಟ್ಟ ಪಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸ್ಥಳಗಳಿವೆ. ಅವುಗಳನ್ನೆಲ್ಲ ಮುಟ್ಟಿ ಬರಬೇಕಾದರೆ ಹಗಲೆಲ್ಲ ಕಾರಿನಲ್ಲೇ ಕಳೆಯುತ್ತದೆ ಎಂಬ ಭಯ ನನಗಿದೆ. ಅಲ್ಲದೆ, ಕಟ್ಟಡಗಳಿಗೆ ಒಂದು ಪ್ರವಾಸ, ಕಡಲಿಗೆ ಇನ್ನೊಂದು ಪ್ರವಾಸ ಎಂಬಂತೆ ಇಡೀ ಯೋಜನೆ ಎರಡು ಹೋಳಾಗಿ ಕಾಣುತ್ತಿದೆ. ಅಲ್ಲಿ ಓಡಾಡಿ ಬಲ್ಲವರು, ಅದರಲ್ಲೂ ಹಿರಿಯರನ್ನು ಕರೆದುಕೊಂಡು ಹೋದವರು, ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಪಣಜಿ ನಿವಾಸಿ

ಹುಬ್ಬಳ್ಳಿಯಿಂದ ಬಂದು ಪಣಜಿಯಲ್ಲಿ ಇಪ್ಪತ್ತು ವರ್ಷಗಳಿಂದ ನೆಲೆಸಿದ್ದೇನೆ. ನನ್ನ ಮೊದಲ ಸಲಹೆಯೆಂದರೆ ಆ ಪಟ್ಟಿಯಲ್ಲಿ ಮುಕ್ಕಾಲು ಪಾಲನ್ನು ಈಗಲೇ ಹೊಡೆದುಹಾಕಿ. ಗೋವಾ ನಕ್ಷೆಯಲ್ಲಿ ಚಿಕ್ಕದಾಗಿ ಕಂಡರೂ ಇಲ್ಲಿನ ರಸ್ತೆಗಳು ನದಿ, ಹಿನ್ನೀರು ಮತ್ತು ಗುಡ್ಡಗಳನ್ನು ಸುತ್ತಿಕೊಂಡು ಹೋಗುತ್ತವೆ. ಉತ್ತರದ ಆರಂಬೋಲ್‌ನಿಂದ ದಕ್ಷಿಣದ ಪಾಳೊಳೆಗೆ ಒಂದೇ ದಿನದಲ್ಲಿ ಹೋಗಿ ಬರುತ್ತೇವೆಂದು ಹೊರಟವರು ಸಂಜೆಗೆ ಸುಸ್ತಾಗಿ, ಏನನ್ನೂ ಸರಿಯಾಗಿ ನೋಡಿಲ್ಲವೆಂಬ ಬೇಸರದಲ್ಲಿ ಮರಳುವುದನ್ನು ಬಹಳ ಸಲ ಕಂಡಿದ್ದೇನೆ. ಮೊದಲ ಎರಡು ರಾತ್ರಿ ಪಣಜಿಯಲ್ಲಿ, ಆಮೇಲಿನದನ್ನು ದಕ್ಷಿಣದ ಯಾವುದಾದರೂ ಒಂದು ಕಡಲತೀರದಲ್ಲಿ ಕಳೆಯುವಂತೆ ಯೋಜಿಸಿಕೊಂಡರೆ ಮೂವರ ಆಸೆಯೂ ಈಡೇರುತ್ತದೆ.

ಬೆಂಗಳೂರಿನಿಂದ ವಾಸ್ಕೋಗೆ ಹೋಗುವ ರೈಲು ದಾವಣಗೆರೆ, ಹುಬ್ಬಳ್ಳಿ, ಲೋಂಡಾ ಮಾರ್ಗವಾಗಿ ಕ್ಯಾಸಲ್‌ರಾಕ್‌ನಲ್ಲಿ ಘಟ್ಟ ಇಳಿಯುತ್ತದೆ. ತಾಯಿಗೆ ಬಸ್ಸಿಗಿಂತ ಇದೇ ಹಿತ. ಮಳೆಗಾಲ ಆಗತಾನೇ ಮುಗಿದಿರುವುದರಿಂದ ಬೆಳಕಿದ್ದರೆ ದೂಧಸಾಗರ ಜಲಪಾತವೂ ಕಿಟಕಿಯಿಂದಲೇ ಕಾಣುತ್ತದೆ.

ಹಳೆಯ ಗೋವಾಕ್ಕೆ, ಅಂದರೆ ಪಣಜಿಯಿಂದ ಪೂರ್ವಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದ ಆ ಹಳೆಯ ರಾಜಧಾನಿಗೆ, ಬೆಳಗ್ಗೆ ಎಂಟು ಗಂಟೆಯ ಸುಮಾರಿಗೇ ತಲುಪಿಬಿಡಿ. ಹತ್ತು ಗಂಟೆಯ ನಂತರ ಪ್ರವಾಸಿ ಬಸ್ಸುಗಳ ಸಾಲು ಶುರುವಾಗುತ್ತದೆ. ಭಾನುವಾರ ಪೂಜೆಯ ಹೊತ್ತಿನಲ್ಲಿ ಇಗರ್ಜಿಗಳ (ಚರ್ಚುಗಳ) ಒಳಗೆ ಸುತ್ತಾಡುವುದು ಸರಿಯಲ್ಲ. ಶುಕ್ರವಾರ ಅಲ್ಲಿನ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ರಜೆ. ಇವೆರಡು ದಿನಗಳನ್ನು ಬಿಟ್ಟು ಯೋಜಿಸಿಕೊಳ್ಳಿ. ಬೊಂ ಜೀಜಸ್ ಬೆಸಿಲಿಕಾ ಮತ್ತು ಸೇ ಕೆಥೆಡ್ರಲ್ ಎದುರುಬದುರು ಇರುವುದರಿಂದ ತಾಯಿಗೆ ನಡಿಗೆ ಹೆಚ್ಚಾಗದು. ಪಣಜಿಯಿಂದ ಹೋಗುವಾಗ ರಿಬಂದರ್ ದಾರಿಯನ್ನೇ ಹಿಡಿಯಿರಿ. ಹೊಲ ಮತ್ತು ಉಪ್ಪುನೀರಿನ ನಡುವೆ ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ ಸಾಗುವ ಆ ಕಟ್ಟೆ ಸೇತುವೆಯನ್ನು 1630ರ ದಶಕದಲ್ಲಿ ಕಟ್ಟಿದ್ದು, ಇಂದಿಗೂ ಅದರ ಮೇಲೆ ವಾಹನಗಳು ಓಡಾಡುತ್ತಿವೆ. ಮಧ್ಯಾಹ್ನ ಹಳೆಯ ಗೋವಾದ ದಕ್ಕೆಯಿಂದ ದಿವಾಡಿ ದ್ವೀಪಕ್ಕೆ ದೋಣಿಯಲ್ಲಿ ದಾಟಿ. ನಡೆದು ಹತ್ತುವವರಿಗೆ ಶುಲ್ಕವಿಲ್ಲ. ನಿಮ್ಮ ಮಗನಿಗೆ ಎಲ್ಲಕ್ಕಿಂತ ಹೆಚ್ಚು ಖುಷಿಯಾಗುವುದು ಅದೇ ಇರಬಹುದು.

ಪಣಜಿಯ ಫೊಂತೈನ್ಯಸ್ ಬಡಾವಣೆಯ ಬಗ್ಗೆ ಮಾತ್ರ ಒಂದು ಮನವಿ ಇದೆ. ಅಲ್ತಿನೊ ಗುಡ್ಡದ ಬುಡದಲ್ಲಿ ನೀಲಿ, ಹಳದಿ, ಕಾವಿ ಬಣ್ಣದ ಮನೆಗಳಿರುವ ಆ ಓಣಿಗಳಲ್ಲಿ ಈಗಲೂ ಸಂಸಾರಗಳು ನಡೆಯುತ್ತಿವೆ. ಪ್ರವಾಸಿಗರು ಹೊಸ್ತಿಲ ಮೇಲೆ ಕುಳಿತು, ಬಾಗಿಲಿಗೆ ಒರಗಿ, ಕಿಟಕಿಯೊಳಗೆ ಕ್ಯಾಮೆರಾ ಚಾಚಿ ಚಿತ್ರ ತೆಗೆಯುವುದರಿಂದ ಅಲ್ಲಿನ ಹಿರಿಯರು ಎಷ್ಟು ನೊಂದಿದ್ದಾರೆಂದರೆ, ಹಲವು ಮನೆಗಳ ಮುಂದೆ ಚಿತ್ರ ತೆಗೆಯಬಾರದೆಂಬ ಫಲಕ ತೂಗುತ್ತಿದೆ. ಸಂಜೆ ನಾಲ್ಕೂವರೆಯ ಬಿಸಿಲಿನಲ್ಲಿ ಸದ್ದಿಲ್ಲದೆ ನಡೆದು ಬನ್ನಿ, ಸಾಕು.

ಇನ್ನೊಂದು ವಿಷಯ. ಬಾಡಿಗೆ ಸ್ಕೂಟರ್ ಅಥವಾ ಕಾರು ಪಡೆಯುವುದಾದರೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ ವಾಹನವನ್ನೇ ಕೇಳಿ. ನನ್ನ ತಮ್ಮ ಒಮ್ಮೆ ಬಿಳಿ ಫಲಕದ ಖಾಸಗಿ ವಾಹನವನ್ನು ಅಗ್ಗಕ್ಕೆ ಸಿಕ್ಕಿತೆಂದು ಪಡೆದು, ಅರ್ಧ ದಿನವನ್ನು ಠಾಣೆಯಲ್ಲಿ ಕಳೆದ.

ಮುರಕಲ್ಲು

ನಾನು ಹಳೆಯ ಕಟ್ಟಡಗಳ ದುರಸ್ತಿ ಕೆಲಸದಲ್ಲಿರುವವನು, ಊರು ಕುಂದಾಪುರ ಕಡೆ. ಓದುಗಿಯವರು ಕೇಳಿದ ಪ್ರಶ್ನೆಯ ಕೊನೆಯ ಭಾಗಕ್ಕೆ ಉತ್ತರಿಸಬೇಕೆನ್ನಿಸಿತು. ಕಟ್ಟಡ ಬೇರೆ, ಕಡಲು ಬೇರೆ ಎಂದು ತೋರುವುದು ನಾವು ಗೋಡೆಯನ್ನು ಹತ್ತಿರದಿಂದ ನೋಡದಿರುವವರೆಗೆ ಮಾತ್ರ. ಗೋವಾದ ಹಳೆಯ ಮನೆಯಾಗಲಿ, ಇಗರ್ಜಿಯಾಗಲಿ, ಅದರ ಮೈಯೆಲ್ಲ ಆ ನೆಲದ ಕಲ್ಲು, ಅದರ ಚರ್ಮ ಕಡಲಿನ ಚಿಪ್ಪು, ಅದರ ಆಕಾರ ಮಳೆಯದು.

ಕಲ್ಲಿನಿಂದ ಶುರು ಮಾಡುತ್ತೇನೆ. ನಮ್ಮ ಕರಾವಳಿಯಲ್ಲಿ ಮುರಕಲ್ಲು, ಕೆಂಪುಕಲ್ಲು, ಜಂಬಿಟ್ಟಿಗೆ ಎಂದೆಲ್ಲ ಕರೆಯುವ ಕಲ್ಲೇ ಅಲ್ಲಿಯದೂ. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಆದರೆ ಮೈತುಂಬ ರಂಧ್ರಗಳಿರುವುದರಿಂದ ನೀರು ಕುಡಿಯುತ್ತದೆ. ಆದ್ದರಿಂದ ಅದರ ಮೇಲೆ ಗಾರೆ ಬೇಕೇ ಬೇಕು, ಗಾರೆಗೆ ಸುಣ್ಣ ಬೇಕು, ಆ ಸುಣ್ಣವನ್ನು ಸುಡುತ್ತಿದ್ದುದು ಕಡಲ ಚಿಪ್ಪಿನಿಂದ. ಪ್ರತಿ ಮಳೆಗಾಲ ಮುಗಿದ ಮೇಲೆ ಸುಣ್ಣ ಬಳಿಯುವ ಪದ್ಧತಿ ಅಂದಕ್ಕಾಗಿ ಮಾತ್ರ ಬಂದುದಲ್ಲ. ಗೋಡೆ ಉಳಿಯಬೇಕಾದರೆ ಅದು ಅಗತ್ಯವೇ ಆಗಿತ್ತು. ಇಗರ್ಜಿಗಳಿಗೆ ಅಚ್ಚ ಬಿಳಿ, ಮನೆಗಳಿಗೆ ಬೇರೆ ಬಣ್ಣ ಎಂಬ ರೂಢಿ ಬೆಳೆದುಬಂದು, ಫೊಂತೈನ್ಯಸ್‌ನ ನೀಲಿ, ಹಳದಿ, ಕಾವಿ ಹುಟ್ಟಿದವು. ನೀವು ಹೋಗುತ್ತಿರುವುದು ನವೆಂಬರಿನಲ್ಲಾದ್ದರಿಂದ ಎಷ್ಟೋ ಮನೆಗಳು ಆಗತಾನೇ ಬಣ್ಣ ಬಳಿದುಕೊಂಡು ನಿಂತಿರುತ್ತವೆ.

ಈ ಹಿನ್ನೆಲೆಯಿಟ್ಟುಕೊಂಡು ಬೊಂ ಜೀಜಸ್ ಬೆಸಿಲಿಕಾವನ್ನು ನೋಡಬೇಕು. 1594ರಲ್ಲಿ ಆರಂಭವಾಗಿ 1605ರಲ್ಲಿ ಪ್ರತಿಷ್ಠೆಗೊಂಡ ಆ ಇಗರ್ಜಿ ಇಂದು ಕಡುಗೆಂಪಾಗಿ ಕಾಣುತ್ತದೆ. ನೋಡುವವರೆಲ್ಲ ಅದು ಹಾಗೆಯೇ ಇತ್ತೆಂದು ಭಾವಿಸುತ್ತಾರೆ. ನಿಜವಾಗಿ ಅದರ ಮೇಲೂ ಸುಣ್ಣದ ಗಾರೆಯಿತ್ತು. 1950ರ ದಶಕದಲ್ಲಿ ಪೋರ್ಚುಗೀಸ್ ವಾಸ್ತುಶಿಲ್ಪಿಯೊಬ್ಬರು, ಕಟ್ಟಡಕ್ಕೆ ಪ್ರಾಚೀನತೆಯ ಕಳೆ ಬರಲೆಂದು, ಅದನ್ನು ಕೆತ್ತಿಸಿ ತೆಗೆಸಿದರು. ಅಂದಿನಿಂದ ಬೆತ್ತಲಾದ ಮುರಕಲ್ಲು ಪ್ರತಿ ವರ್ಷದ ಮಳೆಯನ್ನು ನೇರವಾಗಿ ಹೀರುತ್ತಿದೆ. ಗಾರೆಯನ್ನು ಮತ್ತೆ ಹಚ್ಚಬೇಕೆಂಬ ಕೂಗು ಇಗರ್ಜಿಯ ಒಳಗಿನಿಂದಲೇ ಎದ್ದಿದೆ. ಮುಂಭಾಗದ ಕಂಬ, ಅಂಚುಗಳಲ್ಲಿ ಮಾತ್ರ ಮುಂಬಯಿ ಬಳಿಯ ವಸಾಯಿಯಿಂದ ತರಿಸಿದ ಕಪ್ಪು ಕಲ್ಲಿದೆ. ಆ ಕಪ್ಪು ಕಲ್ಲಿನ ಕೆತ್ತನೆ ಇಂದಿಗೂ ಚೂಪಾಗಿದೆ. ಪಕ್ಕದ ಕೆಂಪು ಕಲ್ಲಿನಲ್ಲಿ ಸವೆತದ ಗುಳಿಗಳಿವೆ. ಎರಡನ್ನೂ ಮಗನಿಗೆ ತೋರಿಸಿದರೆ ಒಂದು ಪಾಠ ತಾನಾಗಿಯೇ ಆಗುತ್ತದೆ.

ಗಾರೆಯೂ ಮಾಡೂ (ಛಾವಣಿಯೂ) ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಗೋವಾದ ಸಂತ ಅಗಸ್ಟಿನ್ ಮಠದ ಗೋಪುರ ಸಾಕ್ಷಿ. 1602ರಲ್ಲಿ ಕಟ್ಟಿದ, ಸುಮಾರು 46 ಮೀಟರ್ ಎತ್ತರದ ಗೋಪುರವದು. 1835ರಲ್ಲಿ ಕ್ರೈಸ್ತ ಸನ್ಯಾಸಿ ಪಂಥಗಳನ್ನು ಹೊರಹಾಕಿದ ಮೇಲೆ ಮಠವನ್ನು ನೋಡಿಕೊಳ್ಳುವವರಿಲ್ಲವಾದರು. 1842ರಲ್ಲಿ ಕಮಾನು ಛಾವಣಿ ಕುಸಿಯಿತು, 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಬಿದ್ದವು. ಅದರ ದೊಡ್ಡ ಗಂಟೆ 1871ರಿಂದ ಪಣಜಿಯ ಇಗರ್ಜಿಯಲ್ಲಿ ಮೊಳಗುತ್ತಿದೆ.

ಮನೆಗಳಲ್ಲಿ ನೋಡಲೇಬೇಕಾದದ್ದು ಕಿಟಕಿ. ಗಾಜು ದುಬಾರಿಯಾಗಿದ್ದ ಕಾಲದಲ್ಲಿ, ಅಳಿವೆಗಳ ಕೆಸರಿನಲ್ಲಿ ಬೆಳೆಯುವ ಚಪ್ಪಟೆ ಚಿಪ್ಪನ್ನು ಚೌಕವಾಗಿ ಕತ್ತರಿಸಿ ಮರದ ಪಟ್ಟಿಗಳ ನಡುವೆ ಕೂರಿಸುತ್ತಿದ್ದರು. ಬಿಸಿಲಿನ ಕಾವು ಹೊರಗೇ ಉಳಿಯುತ್ತದೆ, ಒಳಗೆ ಹಾಲಿನಂಥ ಬೆಳಕು ಬರುತ್ತದೆ. ಮನೆಯ ಮುಂದಿನ ಬಾಲ್ಕಾಂವ್ ನಮ್ಮ ಜಗಲಿಯ ಹತ್ತಿರದ ಸಂಬಂಧಿ. ಒಳಗಿನ ರಾಜಾಂಗಣ ನಮ್ಮ ತೊಟ್ಟಿಮನೆಯದೇ. ತಲೆಯೆತ್ತಿದರೆ ಮಾಡಿನ ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಪಶ್ಚಿಮ ಕರಾವಳಿಯ ಮನೆಗಳೆಲ್ಲ ಅದನ್ನೇ ಹೊದೆದವು. ಇಷ್ಟು ತಿಳಿದಿದ್ದರೆ ನಿಮ್ಮ ನಾಲ್ಕು ದಿನಗಳು ಎರಡು ಹೋಳಾಗುವುದಿಲ್ಲ.

ಹಳೆಯ ಕಡತ

ಮೇಲಿನ ಬರಹ ಬಹಳ ಚೆನ್ನಾಗಿದೆ. ಆದರೂ ಕಲ್ಲು, ಸುಣ್ಣ, ಚಿಪ್ಪುಗಳ ಮಾತಿನಲ್ಲಿ ಒಂದು ಸಂಗತಿ ಮರೆಯಾಗಬಾರದು. ‘ವಸಾಹತು ವಾಸ್ತುಶಿಲ್ಪ’ ಎಂಬುದು ಕಿವಿಗೆ ಇಂಪಾಗಿ ಕೇಳುವ ಮಾತು. ಅದರ ಹಿಂದೆ 451 ವರ್ಷಗಳ ಆಳ್ವಿಕೆಯಿದೆ. ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ 1510ರಲ್ಲಿ ಬಿಜಾಪುರದ ಆದಿಲ್ ಶಾಹಿಯಿಂದ ಗೋವಾವನ್ನು ಕಿತ್ತುಕೊಂಡಾಗ ಅವನಿಗೆ ನೆರವಾದವನು ಹೊನ್ನಾವರದ ಹಡಗುಪಡೆಯ ನಾಯಕ ತಿಮ್ಮಯ್ಯ. ಈ ಇತಿಹಾಸದಲ್ಲಿ ನಮ್ಮ ನಾಡಿನವರ ಪಾತ್ರವೂ ಇದೆಯೆಂಬುದನ್ನು ಓದುಗಿಯವರು ಮಕ್ಕಳಿಗೆ ಹೇಳಬೇಕು. ಅದೇ ಶತಮಾನದಲ್ಲಿ ತಿಸವಾಡಿ, ಬಾರ್ದೇಶ್, ಸಾಷ್ಟಿ ತಾಲ್ಲೂಕುಗಳ ದೇವಾಲಯಗಳನ್ನು ಕೆಡವಲಾಯಿತು. 1560ರಲ್ಲಿ ಆರಂಭವಾದ, ಧರ್ಮದ್ರೋಹದ ಆರೋಪ ಹೊತ್ತವರನ್ನು ವಿಚಾರಿಸಿ ಶಿಕ್ಷಿಸುವ ಇಗರ್ಜಿಯ ನ್ಯಾಯಾಲಯವಾದ ಇನ್‌ಕ್ವಿಸಿಷನ್, ನಡುವೆ ಕೆಲವು ವರ್ಷ ನಿಂತರೂ, 1812ರವರೆಗೆ ನಡೆಯಿತು. ಭಾರತೀಯ ಸೇನೆ ಗೋವಾವನ್ನು ಬಿಡುಗಡೆ ಮಾಡಿದ್ದು 1961ರ ಡಿಸೆಂಬರ್ 19ರಂದು.

ಓದುಗಿಯವರ ತಾಯಿ ನೋಡಬಯಸುವ ಮಂಗೇಶಿಯೂ ಇದೇ ಕಥೆಯ ಭಾಗ. ಆ ದೇವರ ಮೂಲಸ್ಥಾನ ಜುವಾರಿ ದಂಡೆಯ ಕುಶಸ್ಥಳಿ, ಅಂದರೆ ಈಗಿನ ಕುಟ್ಠಾಳಿ. 1560ರಲ್ಲಿ ಭಕ್ತರು ಮೂರ್ತಿಯನ್ನು ನದಿ ದಾಟಿಸಿ, ಆಗ ಪೋರ್ಚುಗೀಸರ ಕೈಯಲ್ಲಿರದ ಪ್ರಿಯೋಳಕ್ಕೆ ಒಯ್ದರು. ಫೊಂಡಾ ತಾಲ್ಲೂಕಿನಲ್ಲಿ ದೇವಸ್ಥಾನಗಳು ದಟ್ಟವಾಗಿರುವುದಕ್ಕೆ ಇಂಥ ವಲಸೆಗಳೇ ಕಾರಣ. ಮುಂದೆ, ಪರಿಸ್ಥಿತಿ ತಿಳಿಯಾದಾಗ ಕಟ್ಟಿದ ಆ ದೇವಾಲಯಗಳಲ್ಲಿ ಗುಮ್ಮಟವಿದೆ, ಕಮಾನು ಕಿಟಕಿಗಳಿವೆ, ಅಂಗಳದಲ್ಲಿ ಬಹು ಅಂತಸ್ತಿನ ದೀಪಸ್ತಂಭವಿದೆ. ಇಗರ್ಜಿ ಕಟ್ಟಿದ ಅದೇ ಊರಿನ ಕೈಗಳೇ ಇವನ್ನೂ ಕಟ್ಟಿರುವುದರಿಂದ ಒಂದರ ಛಾಯೆ ಇನ್ನೊಂದರಲ್ಲಿ ಬಿದ್ದಿದೆ. ಆದ್ದರಿಂದ ತಾಯಿಯ ದರ್ಶನವನ್ನು ‘ಬೇರೆ ಕಾರ್ಯಕ್ರಮ’ ಎಂದು ಎಣಿಸಬೇಡಿ.

ಕನ್ನಡಿಗರು ಬಿಡಬಾರದ ಇನ್ನೊಂದು ಊರು ಚಾಂದೋರ. ಅದು ಹಿಂದೆ ಚಂದ್ರಪುರ, ಗೋವಾ ಕದಂಬರ ರಾಜಧಾನಿಯಾಗಿತ್ತು. ಹನ್ನೊಂದನೆಯ ಶತಮಾನದಲ್ಲಿ ಅವರು ಅಲ್ಲಿಂದ ಜುವಾರಿ ದಂಡೆಯ ಗೋಪಕಪಟ್ಟಣಕ್ಕೆ ಸ್ಥಳಾಂತರಗೊಂಡರು. ಗೋವಾದ ಸರ್ಕಾರಿ ಬಸ್ಸಿನ ಮೇಲೆ ‘ಕದಂಬ’ ಎಂಬ ಹೆಸರನ್ನು ಓದುವಾಗ ಹಲಸಿಯೂ ಬನವಾಸಿಯೂ ನೆನಪಿಗೆ ಬಾರದೆ ಇರುವುದಿಲ್ಲ. ಅದೇ ಚಾಂದೋರದಲ್ಲಿ ಇಂದು ಬ್ರಗಾಂಸ ಮನೆತನದ ಹಿರಿಮನೆಯಿದೆ. ಅದರ ಪಶ್ಚಿಮ ಭಾಗದ ದೊಡ್ಡ ಗ್ರಂಥಭಂಡಾರ ಲುಯಿಸ್ ದ ಮೆನೆಜಿಸ್ ಬ್ರಗಾಂಸ ಅವರದು. ಪತ್ರಕರ್ತರಾಗಿದ್ದ ಅವರು ಗೋವನ್ನರ ಸ್ವನಿರ್ಣಯದ ಹಕ್ಕಿಗಾಗಿ 1930ರಲ್ಲಿ ಅಲ್ಲಿನ ಶಾಸನ ಮಂಡಳಿಯಲ್ಲಿ ದನಿಯೆತ್ತಿದವರು. ಪೋರ್ಚುಗೀಸ್ ವೈಭವದ ಮಾದರಿಯೆಂದು ಎಲ್ಲರೂ ತೋರಿಸುವ ಮನೆಯಿಂದಲೇ ಆ ಆಳ್ವಿಕೆಯನ್ನು ಪ್ರಶ್ನಿಸುವವರು ಬಂದರು. ಸರಳವಾಗಿ ಮೆಚ್ಚುವುದಕ್ಕೂ ಸರಳವಾಗಿ ದ್ವೇಷಿಸುವುದಕ್ಕೂ ಈ ಕಟ್ಟಡಗಳು ಅವಕಾಶ ಕೊಡುವುದಿಲ್ಲವೆಂಬುದೇ ನನಗೆ ಅವುಗಳ ಮೇಲಿರುವ ಆಸಕ್ತಿಗೆ ಕಾರಣ.

ದಾರಿಹೋಕ

ನಡುವೆ ಬರುತ್ತಿರುವುದಕ್ಕೆ ಕ್ಷಮೆಯಿರಲಿ. ಇಷ್ಟೆಲ್ಲ ಜನಸಂದಣಿಯ ಗೋವಾ ಏಕೆ, ಪುದುಚೇರಿಗೆ ಹೋಗಬಹುದಲ್ಲವೇ? ಫ್ರೆಂಚರ ನೇರ ರಸ್ತೆಗಳಲ್ಲಿ ತಾಯಿಯವರಿಗೆ ನಡೆಯುವುದು ಸುಲಭ. ಇನ್ನೂ ಶಾಂತ ಜಾಗ ಬೇಕಾದರೆ ತಮಿಳುನಾಡಿನ ತರಂಗಂಬಾಡಿಯಲ್ಲಿ ಡೇನರು (ಡೆನ್ಮಾರ್ಕಿನವರು) 1620ರಲ್ಲಿ ಕಟ್ಟಿದ ಕೋಟೆ ಸಮುದ್ರಕ್ಕೆ ಮುಖ ಮಾಡಿಯೇ ನಿಂತಿದೆ.

ಬಯಲುಸೀಮೆಯ ಓದುಗಿ

ದಾರಿಹೋಕರ ಸಲಹೆಯನ್ನು ಮುಂದಿನ ಬೇಸಿಗೆಗೆ ಇಟ್ಟುಕೊಳ್ಳುತ್ತೇನೆ. ಈ ಸಲ ರೈಲು ಟಿಕೆಟ್ ಆಗಿಬಿಟ್ಟಿದೆ. ಮುರಕಲ್ಲು ಮತ್ತು ಹಳೆಯ ಕಡತದವರ ಬರಹಗಳನ್ನು ತಾಯಿಗೆ ಓದಿ ಹೇಳಿದೆ. ಕುಶಸ್ಥಳಿಯ ಪ್ರಸಂಗ ಕೇಳಿ ಅವರು ಬಹಳ ಹೊತ್ತು ಮೌನವಾಗಿದ್ದರು. ಆಮೇಲೆ, ಹೋಗುವಾಗ ಆ ನದಿಯನ್ನು ತೋರಿಸು ಎಂದರು. ಈಗ ಉಳಿದಿರುವುದು ಸಮುದ್ರದ ಪ್ರಶ್ನೆ. ಮಗನಿಗೆ ಈಜು ಬಾರದು. ಯಾವ ತೀರ, ಎಷ್ಟು ಹೊತ್ತು, ಎಷ್ಟು ಆಳ ಎಂಬುದನ್ನು ತಿಳಿದವರು ಹೇಳಬೇಕು.

ಕಾಳಿ ದಂಡೆ

ಕಾರವಾರದವನು, ಮೀನುಗಾರರ ಮನೆಯಲ್ಲಿ ಬೆಳೆದವನು. ಈ ಪ್ರಶ್ನೆಯನ್ನು ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಬಯಲುಸೀಮೆಯಿಂದ ಬರುವ ಜನ ನೀರೆಂದರೆ ಕೆರೆ ಅಥವಾ ನಾಲೆಯ ಲೆಕ್ಕದಲ್ಲಿ ಯೋಚಿಸುತ್ತಾರೆ. ಕಡಲು ಮೊಣಕಾಲು ಆಳದಲ್ಲೂ ಎಳೆಯಬಲ್ಲದು ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ದಡಕ್ಕೆ ಬಂದ ಅಲೆಯ ನೀರು ಮರಳಿ ಹೋಗಲೇಬೇಕು. ಮರಳಿನ ದಿಬ್ಬಗಳ ನಡುವೆ ತಗ್ಗು ಇರುವಲ್ಲಿ ಅದೆಲ್ಲ ಒಂದೇ ಕಾಲುವೆಯಂತೆ ಕೂಡಿಕೊಂಡು ರಭಸದಿಂದ ಒಳಕ್ಕೆ ಹರಿಯುತ್ತದೆ. ಈ ಒಳಸೆಳೆತ ಇರುವ ಜಾಗದಲ್ಲಿ ಅಲೆಗಳು ಒಡೆಯುವುದು ಕಡಿಮೆ. ನೀರು ಸುತ್ತಲಿಗಿಂತ ಶಾಂತವಾಗಿ, ಸ್ವಲ್ಪ ಕಡುಬಣ್ಣವಾಗಿ ಕಾಣುತ್ತದೆ. ಹೊಸಬರು ಅದನ್ನೇ ಸುರಕ್ಷಿತ ಜಾಗವೆಂದು ಆರಿಸಿಕೊಳ್ಳುತ್ತಾರೆ. ಎಲ್ಲ ಅನಾಹುತಗಳ ಮೂಲ ಇಲ್ಲಿದೆ. ಸಿಕ್ಕಿಬಿದ್ದವರು ದಡದ ಕಡೆಗೇ ಈಜಲು ಹೆಣಗಿ ಸೋಲುತ್ತಾರೆ. ಮಾಡಬೇಕಾದದ್ದು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ಅಲೆಗಳ ಜೊತೆಯಲ್ಲಿ ಬರುವುದು. ಈಜು ಬಾರದವರು ತೇಲುತ್ತ ಕೈಯೆತ್ತಿ ಸಹಾಯ ಕೇಳಬೇಕು.

ಹದಿನೈದು ವರ್ಷಗಳ ಹಿಂದೆ, ನಮ್ಮ ಊರಿನ ದಡದಲ್ಲೇ, ಬಲೆ ಒಣಗಿಸುತ್ತ ಕುಳಿತಿದ್ದಾಗ ಅಂಥ ಶಾಂತ ನೀರಿಗೆ ಇಳಿದ ಇಬ್ಬರು ಹುಡುಗರನ್ನು ಕಂಡೆ. ನನ್ನ ಚಿಕ್ಕಪ್ಪ ದೋಣಿ ನೂಕಿಕೊಂಡು ಹೋಗಿ ಒಬ್ಬನನ್ನು ಎಳೆದು ತಂದರು. ಇನ್ನೊಬ್ಬನನ್ನು ತರಲಾಗಲಿಲ್ಲ. ಅಂದಿನಿಂದ ಯಾರು ಕೇಳಿದರೂ, ಕೇಳದಿದ್ದರೂ, ಇದನ್ನು ಹೇಳುತ್ತೇನೆ.

ಗೋವಾದ ಮುಖ್ಯ ತೀರಗಳಲ್ಲಿ 2008ರಿಂದ ಜೀವರಕ್ಷಕರ ವ್ಯವಸ್ಥೆಯಿದೆ. ಕೆಂಪು ಹಳದಿ ಬಾವುಟಗಳ ನಡುವಿನ ಜಾಗದಲ್ಲಷ್ಟೇ ನೀರಿಗಿಳಿಯಿರಿ. ಬರೀ ಕೆಂಪು ಬಾವುಟ ಹಾರುತ್ತಿದ್ದರೆ ಇಳಿಯಲೇಬೇಡಿ. ಕತ್ತಲಾದ ಮೇಲೆ ನೀರಿನ ಮಾತೇ ಬೇಡ. ಬಂಡೆಗಳ ಮೇಲೆ ನಿಂತು ಚಿತ್ರ ತೆಗೆಯಲು ಮಗನನ್ನು ಬಿಡಬೇಡಿ. ಪಾಚಿ ಕಾಣುವುದಿಲ್ಲ, ಕಾಲು ಜಾರುತ್ತದೆ.

ನಿಮ್ಮ ಕುಟುಂಬಕ್ಕೆ ನನ್ನ ಆಯ್ಕೆ ಕಾಣಕೋಣ ತಾಲ್ಲೂಕಿನ ಪಾಳೊಳೆ. ಎರಡೂ ತುದಿಗಳಲ್ಲಿ ಬಂಡೆಗುಡ್ಡವಿರುವುದರಿಂದ ತೀರ ಬಿಲ್ಲಿನಂತೆ ಬಾಗಿ, ಅಲೆಗಳ ಅಬ್ಬರ ಒಳಗೆ ಬರುವಷ್ಟರಲ್ಲಿ ತಗ್ಗುತ್ತದೆ. ಇಳಿಜಾರು ನಿಧಾನವಾದದ್ದು. ಜನ ಜಾಸ್ತಿ ಎನಿಸಿದರೆ ಬೆಳಗ್ಗೆ ಏಳಕ್ಕೆ ಹೋಗಿ, ಒಂಬತ್ತಕ್ಕೆ ಎದ್ದುಬನ್ನಿ. ಪಕ್ಕದ ಅಗೋಂದ ಇನ್ನೂ ವಿಶಾಲ, ಇನ್ನೂ ಶಾಂತ, ಆದರೆ ಅಲ್ಲಿ ನೀರು ಬೇಗ ಆಳವಾಗುತ್ತದೆ. ಅದು ನಡೆಯುವುದಕ್ಕೆ, ಸ್ನಾನಕ್ಕಲ್ಲ. ಅಗೋಂದ, ಗಾಲಜೀಬಾಗ, ಉತ್ತರದ ಮೊರಜೀ ತೀರಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅರಣ್ಯ ಇಲಾಖೆಯವರು ಬೇಲಿ ಕಟ್ಟಿ ಕಾಯುವ ಗೂಡುಗಳ ಹತ್ತಿರ ರಾತ್ರಿ ಟಾರ್ಚ್ ಹಾಕಿಕೊಂಡು ಹೋಗಬಾರದು. ಬೆಳಕು ಕಂಡರೆ ಮರಿಗಳು ದಿಕ್ಕು ತಪ್ಪುತ್ತವೆ.

ಬಯಲುಸೀಮೆಯ ಓದುಗಿ

ಹೋಗಿಬಂದು ಹತ್ತು ದಿನಗಳಾದವು. ಇಷ್ಟು ಪ್ರೀತಿಯಿಂದ ಬರೆದವರಿಗೆ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಪಣಜಿ, ಹಳೆಯ ಗೋವಾ, ದಿವಾಡಿ, ಮಂಗೇಶಿ, ಶಾಂತಾದುರ್ಗಾ, ಚಾಂದೋರ, ಪಾಳೊಳೆ. ಇಷ್ಟೇ ನೋಡಿದೆವು. ಕೋಟೆಗಳನ್ನು ಪೂರ್ತಿ ಬಿಟ್ಟೆವು, ಅದರ ಬಗ್ಗೆ ಬೇಸರವಿಲ್ಲ. ಬೆಸಿಲಿಕಾದ ಮುಂದೆ ಎಂಟು ಗಂಟೆಗೆ ನಾವು ಮೂವರು ಮತ್ತು ಕಸ ಗುಡಿಸುವ ಇಬ್ಬರು ಹೆಂಗಸರು ಮಾತ್ರ ಇದ್ದೆವು. ಮಗ ಒಂದು ಕೈಯನ್ನು ಕಪ್ಪು ಕಲ್ಲಿನ ಹತ್ತಿರ, ಇನ್ನೊಂದನ್ನು ಕೆಂಪು ಕಲ್ಲಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಗುಳಿಗಳಲ್ಲಿ ಹಸಿರು ಪಾಚಿ ಇನ್ನೂ ಒದ್ದೆಯಾಗಿತ್ತು, ಮಳೆ ನಿಂತು ತಿಂಗಳಾಗಿದ್ದರೂ. ಒಳಗೆ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಸಮಾಧಿಯನ್ನು ತಲೆಯೆತ್ತಿ ನೋಡಬೇಕು. ಕೆಳಗಿನ ಅಮೃತಶಿಲೆಯ ಪೀಠ ಟಸ್ಕನಿಯ ದೊರೆ ಮೂರನೆಯ ಕೊಸಿಮೊ ಕಳಿಸಿಕೊಟ್ಟದ್ದು, 1698ರಲ್ಲಿ ಜೋಡಿಸಿದ್ದು. ಮೇಲಿನ ಬೆಳ್ಳಿಯ ಪೆಟ್ಟಿಗೆ ಅದಕ್ಕಿಂತ ಅರವತ್ತು ವರ್ಷ ಹಿಂದೆ ಗೋವಾದ ಅಕ್ಕಸಾಲಿಗರೇ ಮಾಡಿದ್ದು. ಎರಡರಲ್ಲಿ ನನ್ನ ಕಣ್ಣು ನಿಂತದ್ದು ಬೆಳ್ಳಿಯ ಕೆಲಸದ ಮೇಲೆ.

ಮಂಗೇಶಿಗೆ ಹೋದ ದಿನ, ಚಾಲಕರಿಗೆ ಹೇಳಿ ಕುಟ್ಠಾಳಿಯ ಹತ್ತಿರ ಜುವಾರಿಯ ದಂಡೆಗೆ ಮೊದಲು ಹೋದೆವು. ನೇರ ದಾರಿಯಲ್ಲ, ಒಂದು ಗಂಟೆ ಹೆಚ್ಚಾಯಿತು. ತಾಯಿ ಕಾರಿನಿಂದ ಇಳಿದು ನೀರಿಗೆ ಕೈಮುಗಿದರು. ಅಷ್ಟು ಅಗಲದ ನದಿಯನ್ನು ಮೂರ್ತಿ ಹೊತ್ತುಕೊಂಡು ಹೇಗೆ ದಾಟಿದರೋ ಎಂದು ಸಂಜೆಯವರೆಗೂ ಅದೇ ಮಾತು. ದೇವಸ್ಥಾನದ ಅಂಗಳದಲ್ಲಿ ದೀಪಸ್ತಂಭದ ಕಮಾನುಗಳನ್ನು ತೋರಿಸಿ, ಇದು ನಿನ್ನೆ ನೋಡಿದ ಇಗರ್ಜಿಯ ಕಿಟಕಿಯ ಹಾಗೆಯೇ ಇದೆಯಲ್ಲ ಎಂದು ಅವರೇ ಕೇಳಿದರು. ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

ಸಮುದ್ರದಲ್ಲಿ ಮಗ ಬಾವುಟಗಳ ನಡುವೆ, ನನ್ನ ಕೈಹಿಡಿದು, ಸೊಂಟದವರೆಗಿನ ನೀರಿನಲ್ಲಿ ಎರಡು ಬೆಳಗು ಆಡಿದ. ಕಾಳಿ ದಂಡೆಯವರು ಹೇಳಿದ ಕಡುಬಣ್ಣದ ಶಾಂತ ನೀರು ಎಲ್ಲಾದರೂ ಇದೆಯೇ ಎಂದು ಪ್ರತಿ ಬೆಳಗ್ಗೆ ಮೊದಲು ದಡದಲ್ಲಿ ನಿಂತು ಹುಡುಕುತ್ತಿದ್ದ.

ಕೊನೆಯದಾಗಿ ಚಾಂದೋರದ ಹಾದಿಯಲ್ಲಿ ನಡೆದದ್ದನ್ನು ಹೇಳಬೇಕು. ದೊಡ್ಡಮನೆ ನೋಡಿ ಹೊರಬಂದಾಗ ತಾಯಿಗೆ ಕಾಲು ನೋವು ಹೆಚ್ಚಾಗಿ, ಪಕ್ಕದ ರಸ್ತೆಯ ಒಂದು ಸಾಧಾರಣ ಹಳೆಯ ಮನೆಯ ಬಾಲ್ಕಾಂವ್‌ನಲ್ಲಿ ಕೂರಬಹುದೇ ಎಂದು ಕೇಳಿದೆವು. ಮನೆ ನೋಡಿಕೊಳ್ಳುವ ಹೆಂಗಸು ಬಾಗಿಲಿಗೆ ಬಂದು ನಮ್ಮ ಮಾತು ಕೇಳಿದವಳೇ, ‘ಯಾವೂರ್ರೀ ನಿಮ್ದು?’ ಎಂದಳು. ಅವಳು ಹಾವೇರಿ ಕಡೆಯವಳು, ಮದುವೆಯಾದ ವರ್ಷವೇ ಗಂಡನೊಂದಿಗೆ ಬಂದವಳು. ಮನೆಯ ಯಜಮಾನರು ಪರದೇಶದಲ್ಲಿದ್ದಾರೆ, ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಬರುತ್ತಾರೆ. ತಾಯಿಯೂ ಅವಳೂ ಎದುರುಬದುರು ಕಲ್ಲಿನ ಆಸನಗಳಲ್ಲಿ ಕುಳಿತು ಮುಕ್ಕಾಲು ಗಂಟೆ ಮಾತಾಡಿದರು. ಮೇಜಿಗೆ, ಚಾವಿಗೆ, ಅಲಮಾರಿಗೆ ಕೊಂಕಣಿಯಲ್ಲಿ ಏನನ್ನುತ್ತೀರಿ ಎಂದು ಕೇಳಿ, ಉತ್ತರದಲ್ಲಿ ನಮ್ಮ ಮಾತೇ ಮರಳಿ ಬಂದಾಗ ಮಗ ಬೆರಗಾದ.

ಅವಳು ನಮ್ಮನ್ನು ಒಳಗೆ ಕರೆದು ಮುಂಕೋಣೆಯ ಕಿಟಕಿ ತೋರಿಸಿದಳು. ಅಂಗೈಗಿಂತ ಚಿಕ್ಕದಾದ ಚಿಪ್ಪಿನ ಚೌಕಗಳು, ಸಾಲಿಗೆ ಆರು, ಒಟ್ಟು ಒಂಬತ್ತು ಸಾಲು. ಮಧ್ಯಾಹ್ನದ ಬಿಸಿಲು ಅದರಿಂದ ಇಳಿದು ಕೆಂಪು ನೆಲದ ಮೇಲೆ ನೆರಳಿಲ್ಲದ ಬೆಳಕಾಗಿ ಹರಡಿತ್ತು. ಏಳು ಚೌಕಗಳಲ್ಲಿ ಮಾತ್ರ ಗಾಜಿತ್ತು. ಒಡೆದವಕ್ಕೆ ಚಿಪ್ಪು ಕೂರಿಸುವವರು ಸಿಗಲಿಲ್ಲವಂತೆ. ಆ ಏಳರ ಕೆಳಗೆ ನೆಲದ ಮೇಲೆ ಬಿಸಿಲು ಚುರುಕಾಗಿ ಬಿದ್ದು, ಅಲ್ಲಿ ಮಾತ್ರ ಕೆಂಪು ಬಣ್ಣ ಮಾಸಿತ್ತು. ಚಿಪ್ಪಿಗೆ ನೀರು ತಾಗಿಸಬಾರದು, ಪದರ ಬಿಡುತ್ತದೆ, ಒಣಬಟ್ಟೆಯಲ್ಲಿ ಹಗುರಾಗಿ ಒರೆಸಬೇಕು ಎಂದು ಅವಳು ಸೆರಗಿನ ತುದಿಯಿಂದ ಒಂದನ್ನು ಒರೆಸಿ ತೋರಿಸಿದಳು. ಮುರಕಲ್ಲು ಅವರೇ, ಆ ಕೆಲಸ ಬಲ್ಲವರು ನಿಮ್ಮ ಕಡೆ ಯಾರಾದರೂ ಉಳಿದಿದ್ದರೆ ದಯವಿಟ್ಟು ತಿಳಿಸಿ. ಡಿಸೆಂಬರಿನಲ್ಲಿ ಯಜಮಾನರು ಬರುವಷ್ಟರಲ್ಲಿ ತಿಳಿಸುತ್ತೇನೆಂದು ಅವಳು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ.